ಓಡುವ ಹಳೇ ಫ್ರಿಡ್ಜಿನ ಪೈಪು ಕತ್ತರಿಸಬೇಡಿ

ಪ್ರಶ್ನೆ: ನಮ್ಮ ದೊಡ್ಡಪ್ಪನ ಮುಂಬೈ ಮಾಟುಂಗಾದ ಫ್ಲಾಟ್ ಖಾಲಿ ಮಾಡುತ್ತಿದ್ದೇವೆ. ಅಲ್ಲಿ 1950ರ ದಶಕದ ಒಂದು ಫ್ರಿಡ್ಜ್ ಇದೆ. ದುಂಡು ಮೂಲೆ, ಹಳೇ ಕಾರಿನ ಬಾಗಿಲಿಗಿರುವಂಥ ಉದ್ದ ಹಿಡಿ. ಎರಡು ವರ್ಷದ ಹಿಂದಿನವರೆಗೂ ಓಡುತ್ತಿತ್ತು. ಉಡುಪಿಗೆ ತಂದು ರಿಪೇರಿ ಮಾಡಿಸಿ ದಿನಾ ಬಳಸಬೇಕೆಂಬ ಆಸೆ. ಇಲ್ಲಿನ ಮೆಕ್ಯಾನಿಕ್ ಒಬ್ಬರು ಹೊಸ ಕಂಪ್ರೆಸರ್ ಹಾಕಿ, ಗ್ಯಾಸ್ ಬದಲಿಸಿ, ಪೈಂಟ್ ಹೊಡೆದರೆ ಮುಗಿಯಿತು ಅನ್ನುತ್ತಾರೆ. ಸರಿಯೇ? ಹೇಗೆ ತರಬೇಕು? ಅಮೆರಿಕದಿಂದ ಇಂಥದ್ದೇ ಇನ್ನೊಂದು ತರಿಸಬಹುದೇ? ಕಳಸದ ಹತ್ತಿರ ನೆಂಟರ ತೋಟದ ಮನೆಯಲ್ಲಿ ಸೀಮೆಎಣ್ಣೆಯಲ್ಲಿ ಓಡುವ ಫ್ರಿಡ್ಜ್ ಕೂಡ ಇದೆ. ಅದನ್ನೂ ಕೊಡುತ್ತಾರಂತೆ.
— ಒಬ್ಬ ಓದುಗರು, ಉಡುಪಿ

ಉತ್ತರ: ಮೆಕ್ಯಾನಿಕ್‌ಗೆ ಸದ್ಯಕ್ಕೆ ಬೇಡ ಅಂತ ಹೇಳಿಬಿಡಿ. ಎರಡು ವರ್ಷದ ಹಿಂದೆ ತಂಪು ಮಾಡುತ್ತಿದ್ದ ಫ್ರಿಡ್ಜ್ ಈಗಲೂ ತಂಪು ಮಾಡುವ ಸಾಧ್ಯತೆಯೇ ಜಾಸ್ತಿ. ಅದರ ಕಂಪ್ರೆಸರ್, ಪೈಪು, ಗ್ಯಾಸ್ ಮೂರೂ ಸೇರಿ ಒಂದೇ ಮುಚ್ಚಿದ ವ್ಯವಸ್ಥೆ. ಹಳೇ ಫ್ರಿಡ್ಜಿನಲ್ಲಿ ನಿಜಕ್ಕೂ ಅಪರೂಪದ ವಸ್ತು ಅಂದರೆ ಅದೇ. ಪೈಂಟ್ ಮತ್ತೆ ಹೊಡೆಯಬಹುದು, ರಬ್ಬರ್ ಮತ್ತೆ ಹಾಕಬಹುದು, ವೈರ್ ಬದಲಿಸಬಹುದು. ಆದರೆ ಫ್ಯಾಕ್ಟರಿಯಲ್ಲಿ ಒಣಗಿಸಿ, ಅಳೆದು ತುಂಬಿ, ಬೆಸೆದು ಕೊಟ್ಟ ವ್ಯವಸ್ಥೆಯನ್ನು ಒಮ್ಮೆ ಕತ್ತರಿಸಿದರೆ ಅದೇ ಸ್ಥಿತಿಗೆ ಯಾರೂ ತರಲಾರರು.

ನಿಮ್ಮದನ್ನು ಯಾರಾದರೂ ಈಗಾಗಲೇ ತೆರೆದಿದ್ದಾರೆಯೇ ಅಂತ ತಿಳಿಯುವುದು ಸುಲಭ. ಹಿಂದೆ ಬಗ್ಗಿ ಕಂಪ್ರೆಸರ್ ನೋಡಿ. ಅದರಿಂದ ಒಂದು ಗಿಡ್ಡ ತಾಮ್ರದ ಪೈಪು ಹೊರಬಂದು ಅಲ್ಲೇ ಮುಗಿದಿರುತ್ತದೆ. ಗ್ಯಾಸ್ ತುಂಬಿದ್ದು ಅದರ ಮೂಲಕ. ಅದರ ತುದಿ ಚಪ್ಪಟೆಯಾಗಿ ಬೆಸೆದಿದ್ದು, ಮೇಲೆ ಕಂಪ್ರೆಸರಿನ ಹಳೇ ಕಪ್ಪು ಬಣ್ಣವೇ ಹರಡಿಕೊಂಡಿದ್ದರೆ ಯಾರೂ ಮುಟ್ಟಿಲ್ಲ. ಅಲ್ಲಿ ಹೊಳೆಯುವ ಬೆಸುಗೆ, ಸುಟ್ಟ ಗುರುತು, ಪಿನ್ ವಾಲ್ವ್ ಏನಾದರೂ ಕಂಡರೆ ಒಮ್ಮೆಯಾದರೂ ಗ್ಯಾಸ್ ಹಾಕಿದ್ದಾರೆ ಅಂತ ಅರ್ಥ. ಮುಟ್ಟದೆ ಉಳಿದದ್ದು ಸಿಕ್ಕಿದರೆ ಅದು ನಿಮ್ಮ ಭಾಗ್ಯ. ದಯವಿಟ್ಟು ಹಾಗೇ ಬಿಡಿ.

ಹೊಸ ಕಂಪ್ರೆಸರ್ ಯಾಕೆ ಬೇಡ? ತಂಪು ಮಾಡುವ ಕೆಲಸದ ಗುಟ್ಟು ಇರುವುದು ಕೂದಲೆಳೆಯಷ್ಟು ತೂತಿನ ಕ್ಯಾಪಿಲರಿ ಪೈಪಿನಲ್ಲಿ. ಅದರ ಉದ್ದ, ಒಳಗಿನ ಅಗಲ ಎರಡೂ ಆ ಕಂಪ್ರೆಸರ್‌ಗೆ, ಆ ಗ್ಯಾಸಿಗೆ ಲೆಕ್ಕ ಹಾಕಿ ಇಟ್ಟದ್ದು. ಗ್ಯಾಸ್ ಬದಲಾದರೆ ಎಣ್ಣೆಯೂ ಬದಲಾಗಬೇಕಾಗುತ್ತದೆ. ಆ ಕಾಲದ ಫ್ರಿಡ್ಜುಗಳ ಆರ್-12 ಗ್ಯಾಸಿನ (ಫ್ರಿಯಾನ್-12 ಅಂದರೂ ಅದೇ) ಜತೆ ಇರುವುದು ಮಿನರಲ್ ಎಣ್ಣೆ. ಅದರ ಬದಲಿಗೆ ಬಂದ ಆರ್-134ಎ ಗ್ಯಾಸ್ ಆ ಎಣ್ಣೆಯ ಜತೆ ಬೆರೆಯುವುದಿಲ್ಲ, ಅದಕ್ಕೆ ಬೇರೆ ಜಾತಿಯ ಎಣ್ಣೆ ಬೇಕು. ಆ ಎಣ್ಣೆ ಗಾಳಿಯ ತೇವ ಹೀರುವುದರಲ್ಲಿ ಮಿನರಲ್ ಎಣ್ಣೆಗಿಂತ ಬಹಳ ಮುಂದೆ. ನಮ್ಮ ಕರಾವಳಿಯಲ್ಲಿ ತೇವಕ್ಕೇನು ಕಡಿಮೆ? ಮಳೆಗಾಲದಲ್ಲಿ ಪೈಪು ಕತ್ತರಿಸಿ, ಊಟ ಮಾಡಿ ಬಂದು ಬೆಸೆದರೆ ಒಳಗೆ ನೀರಿನ ಅಂಶ ಹೋದ ಹಾಗೆಯೇ. ಆಮೇಲೆ ಅದು ಕ್ಯಾಪಿಲರಿಯ ತುದಿಯಲ್ಲಿ ಮಂಜುಗಟ್ಟಿ ತಂಪು ನಿಲ್ಲಿಸುತ್ತದೆ. ಕರಗಿದಾಗ ಮತ್ತೆ ಓಡುತ್ತದೆ. ಮತ್ತೆ ನಿಲ್ಲುತ್ತದೆ. "ಗ್ಯಾಸ್ ಹಾಕಿಸಿದ ಮೇಲೆ ಒಂದು ದಿನ ತಂಪು, ಒಂದು ದಿನ ಇಲ್ಲ" ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ.

ಈಗ ನಾಮಫಲಕ ನೋಡಿ. ಬಾಗಿಲಿನ ಒಳಚೌಕಟ್ಟಿನಲ್ಲೋ ಹಿಂಬದಿಯಲ್ಲೋ ಒಂದು ಲೋಹದ ತಗಡು ಇರುತ್ತದೆ. ಅದರಲ್ಲಿ ವೋಲ್ಟೇಜ್, ಸೈಕಲ್ಸ್ (ಈಗ ಹರ್ಟ್ಸ್ ಅನ್ನುತ್ತೇವೆ), ಗ್ಯಾಸಿನ ಹೆಸರು, ತೂಕ ಬರೆದಿರುತ್ತಾರೆ. ಭಾರತದಲ್ಲಿ ಫ್ರಿಡ್ಜ್ ತಯಾರಿ ಶುರುವಾದದ್ದೇ 1958ರಲ್ಲಿ, ಗೋದ್ರೇಜ್‌ನಿಂದ. ಅದಕ್ಕಿಂತ ಹಳೆಯದಾದರೆ ಅದು ಹಡಗಿನಲ್ಲಿ ಬಂದದ್ದು: ಫ್ರಿಜಿಡೇರ್, ಕೆಲ್ವಿನೇಟರ್, ಜನರಲ್ ಎಲೆಕ್ಟ್ರಿಕ್, ಇಂಗ್ಲೆಂಡಿನ ಪ್ರೆಸ್ಟ್‌ಕೋಲ್ಡ್, ಹೀಗೆ. ಗ್ಯಾಸಿನ ಜಾಗದಲ್ಲಿ ಎಫ್-12 ಅಥವಾ ಫ್ರಿಯಾನ್-12 ಅಂತಿದ್ದರೆ ಸಮಾಧಾನ. ಅದು ಉರಿಯುವುದಿಲ್ಲ, ಉಸಿರಿಗೆ ವಿಷವೂ ಅಲ್ಲ.

ಆದರೆ ಸಲ್ಫರ್ ಡೈ ಆಕ್ಸೈಡ್ ಅಥವಾ ಮಿಥೈಲ್ ಕ್ಲೋರೈಡ್ ಅಂತಿದ್ದರೆ ಬೇರೆಯೇ ಜಾಗ್ರತೆ ಬೇಕು. ಫ್ರಿಯಾನ್ ಬರುವ ಮೊದಲು ಮನೆ ಫ್ರಿಡ್ಜುಗಳಲ್ಲಿ ಹೆಚ್ಚಾಗಿ ಇದ್ದದ್ದು ಇವೇ. ಜನರಲ್ ಎಲೆಕ್ಟ್ರಿಕ್ 1927ರಲ್ಲಿ ತಂದ ಮಾನಿಟರ್ ಟಾಪ್, ಅಂದರೆ ತಲೆಯ ಮೇಲೆ ದುಂಡಗಿನ ಯಂತ್ರ ಹೊತ್ತ ಆ ಪ್ರಸಿದ್ಧ ಫ್ರಿಡ್ಜ್, ಸಲ್ಫರ್ ಡೈ ಆಕ್ಸೈಡಿನಲ್ಲೇ ಓಡುತ್ತಿತ್ತು. ಸೋರಿದರೆ ಕಡ್ಡಿ ಗೀರಿದಾಗ ಬರುವ ವಾಸನೆ ನೂರು ಪಟ್ಟಾಗಿ ಬರುತ್ತದೆ. ಕಣ್ಣು ಬಿಡಲಿಕ್ಕಾಗುವುದಿಲ್ಲ, ಉಸಿರು ಕಟ್ಟುತ್ತದೆ. ಮಿಥೈಲ್ ಕ್ಲೋರೈಡ್ ಇನ್ನೂ ಕೆಟ್ಟದ್ದು. ಅದರ ವಾಸನೆ ಅಷ್ಟಾಗಿ ತಿಳಿಯುವುದೇ ಇಲ್ಲ. 1929ರಲ್ಲಿ ಶಿಕಾಗೋದಲ್ಲಿ ಫ್ರಿಡ್ಜಿನಿಂದ ಸೋರಿದ ಈ ಗ್ಯಾಸ್ ಕುಡಿದು ಜನ ಮನೆಯೊಳಗೇ ಸತ್ತರು. ಫ್ರಿಯಾನ್ ಹುಡುಕಿದ್ದೇ ಇಂಥ ಸಾವುಗಳ ಕಾಲದಲ್ಲಿ, ಥಾಮಸ್ ಮಿಜ್ಲಿ ಮತ್ತು ಅವರ ಜತೆಯವರು. ಅದೇ ಫ್ರಿಯಾನ್ ಮುಂದೆ ಓಝೋನ್ ಪದರ ತಿನ್ನುತ್ತದೆ ಅಂತ ಗೊತ್ತಾಗಿ 1987ರ ಮಾಂಟ್ರಿಯಲ್ ಒಪ್ಪಂದ ಬಂತು. ನಮ್ಮಲ್ಲಿ 2010ರ ಆರಂಭದಿಂದ ಇಂಥ ಬಳಕೆಗೆ ಹೊಸ ಆರ್-12 ನಿಂತೇಹೋಯಿತು. ಹಾಗಾಗಿ ನಿಮ್ಮ ಫ್ರಿಡ್ಜಿನೊಳಗಿರುವ ಗ್ಯಾಸ್ ಹೋದರೆ ಹೋಯಿತು. ಗಾಳಿಗೆ ಬಿಟ್ಟರೆ ಅದು ಕಾರ್ಬನ್ ಡೈ ಆಕ್ಸೈಡಿಗಿಂತ ತೂಕಕ್ಕೆ ತೂಕ 10,000 ಪಟ್ಟು ಹೆಚ್ಚು ಭೂಮಿ ಬಿಸಿ ಮಾಡುತ್ತದೆ. "ಸುಮ್ನೆ ಪೈಪು ಕತ್ತರಿಸಿ ಬಿಟ್ಟುಬಿಡುವ" ಎನ್ನುವವರನ್ನು ತಡೆಯಲು ಇದೂ ಒಂದು ದೊಡ್ಡ ಕಾರಣ.

ಇನ್ನು ತರುವ ಮಾತು. ಮಳೆ ಮುಗಿದ ಮೇಲೆ ತನ್ನಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಬಹಳ ಒಳ್ಳೆಯದು, ಯಾಕೆ ಅಂತ ಮುಂದೆ ಹೇಳುತ್ತೇನೆ. ಫ್ರಿಡ್ಜ್ ನಿಂತೇ ಬರಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಪೈಪಿನೊಳಗೆ ಹರಿಯುತ್ತದೆ. ಒಳಗಿನ ಮೋಟಾರು ಸ್ಪ್ರಿಂಗುಗಳ ಮೇಲೆ ಕೂತಿರುತ್ತದೆ, ಲಾರಿ ಕುಲುಕಿದಾಗ ಅದು ಕೊಂಡಿ ತಪ್ಪಬಹುದು. ಮನೆ ಸಾಗಿಸುವವರು ಜಾಗ ಉಳಿಸಲು ಮಲಗಿಸಿಯೇ ಬಿಡುತ್ತಾರೆ. ಬಾಯಲ್ಲಿ ಒಪ್ಪಿಕೊಂಡರೆ ಸಾಲದು, ಹತ್ತಿಸುವಾಗ ನಿಮ್ಮವರೊಬ್ಬರು ಅಲ್ಲಿ ನಿಲ್ಲಬೇಕು. ಕೆಳಗೆ ಮರದ ಪ್ಯಾಲೆಟ್ ಹಾಕಿಸಿ, ಕಾಲುಗಳಿಗೆ ಭಾರ ಬೀಳದ ಹಾಗೆ. ಹಗ್ಗ ಬಿಗಿಯುವುದು ಪೆಟ್ಟಿಗೆಯ ಮೈಗೆ. ಬಾಗಿಲ ಹಿಡಿಗಲ್ಲ, ಹಿಂಬದಿಯ ಪೈಪಿನ ಸುರುಳಿಗಂತೂ ಅಲ್ಲವೇ ಅಲ್ಲ. ಒಳಗಿನ ತಂತಿ ತಟ್ಟೆ, ಗಾಜು, ತರಕಾರಿ ಡಬ್ಬ, ಫ್ರೀಜರಿನ ಪುಟ್ಟ ಬಾಗಿಲು ಎಲ್ಲವನ್ನೂ ತೆಗೆದು ಬೇರೆ ಪೆಟ್ಟಿಗೆಯಲ್ಲಿ ಇಡಿ. ಆ ಪುಟ್ಟ ಬಾಗಿಲು ಒಡೆದರೆ ಹೊಸದು ಎಲ್ಲಿಯೂ ಸಿಗುವುದಿಲ್ಲ. ಪ್ಲಾಸ್ಟಿಕ್ ಹಾಳೆಯಲ್ಲಿ ಗಾಳಿಯಾಡದಂತೆ ಸುತ್ತಬೇಡಿ. ಹಳೇ ಹತ್ತಿ ಬೆಡ್‌ಶೀಟ್ ಸುತ್ತಿ ಮೇಲೆ ಟಾರ್ಪಾಲ್ ಸಾಕು. ರಸ್ತೆಯ ಕುಲುಕು ತಪ್ಪಿಸಬೇಕೆಂದರೆ ಕೊಂಕಣ ರೈಲ್ವೆಯ ರೋರೋದಲ್ಲಿ ಬರುವ ಲಾರಿಯವರನ್ನು ವಿಚಾರಿಸಿ. ಮಹಾರಾಷ್ಟ್ರದ ಕೊಲಾಡ್‌ನಿಂದ ಸುರತ್ಕಲ್‌ವರೆಗೆ ಲಾರಿಯೇ ರೈಲು ಹತ್ತಿ ಬರುತ್ತದೆ.

ಬಾಗಿಲಿನ ವಿಷಯ ಇನ್ನೊಂದಿದೆ, ಇದನ್ನು ದಯವಿಟ್ಟು ಮರೆಯಬೇಡಿ. ಆ ಉದ್ದ ಹಿಡಿಯ ಫ್ರಿಡ್ಜ್ ಕೊಂಡಿಯಿಂದ ಮುಚ್ಚಿಕೊಳ್ಳುತ್ತದೆ. ಒಳಗಿನಿಂದ ತೆರೆಯಲಿಕ್ಕಾಗುವುದಿಲ್ಲ. ಆಟವಾಡುತ್ತಾ ಒಳಹೊಕ್ಕ ಮಕ್ಕಳು ಉಸಿರುಗಟ್ಟಿ ಸತ್ತದ್ದಕ್ಕೇ ಅಮೆರಿಕದಲ್ಲಿ 1956ರಲ್ಲಿ ಕಾನೂನು ಮಾಡಿದರು. ಒಳಗಿನಿಂದ ತಳ್ಳಿದರೆ ತೆರೆಯುವ ಬಾಗಿಲು 1958ರ ಅಕ್ಟೋಬರ್ ಕೊನೆಯಿಂದ ಕಡ್ಡಾಯವಾಯಿತು. ಇವತ್ತಿನ ಮ್ಯಾಗ್ನೆಟ್ ಬಾಗಿಲು ಎಲ್ಲ ಕಡೆ ಬಂದದ್ದು ಆ ಬಳಿಕ. ನಿಮ್ಮ ಫ್ರಿಡ್ಜ್ ಮನೆಯ ಚಾವಡಿಯಲ್ಲಿ ಖಾಲಿ ಇರುವಷ್ಟು ದಿನ ಚೌಕಟ್ಟಿನ ಮೇಲಿರುವ ಕೊಂಡಿ ಹಿಡಿಯುವ ತುಂಡನ್ನು ಬಿಚ್ಚಿಡಿ. ಎರಡು ಸ್ಕ್ರೂ ಕೆಲಸ ಅಷ್ಟೇ. ರಜೆಗೆ ಮೊಮ್ಮಕ್ಕಳು ಬರುವ ಮನೆಯಾದರೆ ಓಡಿಸುವಾಗಲೂ ಮೂಲ ಕೊಂಡಿ ಬೇಡ. ಹಿಡಿ ನೋಡಲಿಕ್ಕೆ ಇರಲಿ, ಹಿಡಿದಿಡುವ ಕೆಲಸಕ್ಕೆ ಬಲವಾದ ಮ್ಯಾಗ್ನೆಟ್ ಕ್ಯಾಚ್ ಹಾಕಿಸಿ. ಮೂಲದ ತುಂಡನ್ನು ಚೀಟಿ ಬರೆದು ಎತ್ತಿಡಿ. ಹಳೆಯದನ್ನು ಹಾಗೇ ಉಳಿಸಬೇಕು ಎನ್ನುವ ನಾನು ಇದೊಂದರಲ್ಲಿ ರಾಜಿಯಾಗುವುದಿಲ್ಲ.

ಉಡುಪಿಗೆ ಬಂದ ಮೇಲೆ ಒಂದಿಡೀ ದಿನ ನಿಲ್ಲಿಸಿಡಿ. ಪ್ಲಗ್ ಹಾಕಬೇಡಿ. ಆ ಕಾಲದ ರಬ್ಬರ್ ವೈರುಗಳು ಬಗ್ಗಿಸಿದರೆ ಪುಡಿ ಉದುರುತ್ತವೆ. ಎಷ್ಟೋ ಫ್ರಿಡ್ಜುಗಳಿಗೆ ಅರ್ಥಿಂಗೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆದು ಹೊರಗಿನ ವೈರ್ ಪೂರ್ತಿ ಬದಲಿಸಿ, ಮೂರು ಪಿನ್ನಿನ ಪ್ಲಗ್ ಹಾಕಿಸಿ, ಅರ್ಥ್ ವೈರನ್ನು ಪೆಟ್ಟಿಗೆಯ ಲೋಹಕ್ಕೆ ಬಿಗಿಯಿಸಿ. ಆಮೇಲೆ ಮೋಟಾರಿನ ಸುರುಳಿಗೂ ಮೈಗೂ ನಡುವೆ 500 ವೋಲ್ಟ್ ಮೆಗ್ಗರ್ (ಕರೆಂಟು ಮೈಗೆ ಸೋರುತ್ತದೆಯೇ ಅಂತ ಅಳೆಯುವ ಮೀಟರ್) ಹಾಕಿ ನೋಡಲಿ. ಕೆಲವು ಮೆಗಾಓಮ್ ಬಂದರೆ ಮುಂದುವರಿಯಬಹುದು. ಮೋಟಾರು ಹೊರಡಿಸುವ ಸ್ವಿಚ್, ಅಂದರೆ ಸ್ಟಾರ್ಟಿಂಗ್ ರಿಲೇ ಬಿಚ್ಚಿದರೆ ಮೊದಲು ಅದರ ಫೋಟೊ ತೆಗೆದುಕೊಳ್ಳಿ. ಹಳೇ ರಿಲೇಯೊಳಗೆ ಒಂದು ಕಬ್ಬಿಣದ ತುಂಡು ಕರೆಂಟಿಗೆ ಮೇಲೇರಿ ತನ್ನ ಭಾರಕ್ಕೇ ಕೆಳಗೆ ಬೀಳುತ್ತದೆ. ಅದನ್ನು ತಲೆಕೆಳಗಾಗಿ ಕೂರಿಸಿದರೆ ಸ್ಟಾರ್ಟಿಂಗ್ ಸುರುಳಿಗೆ ಕರೆಂಟು ಕಡಿಯುವುದೇ ಇಲ್ಲ, ಮೋಟಾರು ಸುಟ್ಟುಹೋಗುತ್ತದೆ. ಚಿಕ್ಕ ಅಜಾಗ್ರತೆಗೆ ಇಡೀ ಫ್ರಿಡ್ಜ್ ಹೋಗುವ ಜಾಗ ಇದು.

ವೈರಿನ ಸುತ್ತ ಹಿಡಿದು ಕರೆಂಟು ಅಳೆಯುವ ಕ್ಲಾಂಪ್ ಮೀಟರ್ ಹಿಡಿದು ಸ್ವಿಚ್ ಹಾಕಿ. ಹೊರಡುವಾಗ ಮುಳ್ಳು ಮೇಲೆ ಹಾರಿ ಒಂದೆರಡು ಸೆಕೆಂಡಿನಲ್ಲಿ ಇಳಿಯಬೇಕು. 230 ವೋಲ್ಟಿನ ಸಾಧಾರಣ ಮನೆ ಫ್ರಿಡ್ಜ್ ಓಡುವಾಗ ಒಂದು, ಒಂದೂವರೆ ಆಂಪಿಯರ್ ತೆಗೆದುಕೊಳ್ಳುತ್ತದೆ. ಗುಂಯ್ ಅಂದು ಟಕ್ ಅಂದು ನಿಂತರೆ ಕೂಡಲೇ ಆಫ್ ಮಾಡಿ, ಮತ್ತೆ ಮತ್ತೆ ಹಾಕಬೇಡಿ. ಓಡಿತು ಅಂತಾದರೆ ಕಾಲು ಗಂಟೆ ಬಿಟ್ಟು ಫ್ರೀಜರಿನ ಮೈ ಮೇಲೆ ಒದ್ದೆ ಬೆರಳು ಆಡಿಸಿ. ಎಲ್ಲ ಕಡೆ ಒಂದೇ ಹದವಾಗಿ ಅಂಟುವ ಹಾಗೆ ಮಂಜು ಕೂತರೆ ಗ್ಯಾಸ್ ಪೂರ್ತಿ ಇದೆ. ಪೈಪು ಒಳಹೊಗುವ ಮೂಲೆಯಲ್ಲಿ ಮಾತ್ರ ದಪ್ಪ ಮಂಜು, ಉಳಿದದ್ದು ಬರೀ ತಣ್ಣಗೆ ಅಂತಾದರೆ ಗ್ಯಾಸ್ ಕಡಿಮೆ. ಆಗ ಮಾತ್ರ ಮೆಕ್ಯಾನಿಕ್ ಬೇಕು.

ಆ ಹೊತ್ತಿಗೂ ಕಂಪ್ರೆಸರ್ ಬದಲಿಸುವುದಲ್ಲ. ಸೋರುವ ಜಾಗ ಹುಡುಕಿ, ಬೆಸೆದು, ಫಿಲ್ಟರ್ ಹೊಸದು ಹಾಕಿ, ನೈಟ್ರೋಜನ್ ಬಿಟ್ಟು ಪರೀಕ್ಷಿಸಿ, ಬೇರೆ ವ್ಯಾಕ್ಯೂಮ್ ಪಂಪಿನಿಂದ ಗಂಟೆಗಟ್ಟಲೆ ಎಳೆಸಬೇಕು. ಅದೇ ಫ್ರಿಡ್ಜಿನ ಕಂಪ್ರೆಸರಿನಿಂದಲೇ ಗಾಳಿ ಎಳೆಸುವವರನ್ನು ದೂರ ಇಡಿ. ತುಂಬಲಿಕ್ಕೆ ನನ್ನ ಆಯ್ಕೆ ಪ್ರೊಪೇನ್-ಐಸೋಬ್ಯುಟೇನ್ ಬೆರಕೆಯ ಹೈಡ್ರೋಕಾರ್ಬನ್ ಗ್ಯಾಸ್. ಅದು ಹಳೇ ಮಿನರಲ್ ಎಣ್ಣೆಯ ಜತೆ ಹೊಂದುತ್ತದೆ, ಆರ್-12ರ ತೂಕದ ಸುಮಾರು 40 ಶೇಕಡಾ ಸಾಕು. ಬರೀ ಐಸೋಬ್ಯುಟೇನ್, ಅಂದರೆ ಈಗಿನ ಫ್ರಿಡ್ಜುಗಳ ಆರ್-600ಎ, ಹಳೇ ಕಂಪ್ರೆಸರಿನಲ್ಲಿ ಅರ್ಧ ತಂಪೇ ಕೊಡುತ್ತದೆ. ಈ ಗ್ಯಾಸ್ ಉರಿಯುತ್ತದೆ ಎನ್ನುವುದು ನೆನಪಿರಲಿ. ಒಳಗಿನ ಥರ್ಮೋಸ್ಟ್ಯಾಟ್, ಲೈಟ್ ಸ್ವಿಚ್‌ನಂಥ ಕಿಡಿ ಹಾರುವ ಭಾಗಗಳನ್ನು ಮೊದಲು ಮುಚ್ಚಿದ ಮಾದರಿಗೆ ಬದಲಿಸಿ, ಇಲ್ಲವೇ ಹೊರಗೆ ಸಾಗಿಸಬೇಕು. ಈ ಗ್ಯಾಸಿನ ಕೆಲಸ ಕಲಿತವರಿಂದಲೇ ಮಾಡಿಸಿ.

ಈಗ ಡಿಸೆಂಬರ್ ಯಾಕೆ ಅಂತ ಹೇಳುತ್ತೇನೆ. ಹಳೇ ಫ್ರಿಡ್ಜಿನ ಎರಡು ಗೋಡೆಗಳ ನಡುವೆ ಇರುವುದು ಗ್ಲಾಸ್ ವುಲ್ ಅಥವಾ ರಾಕ್ ವುಲ್. ಇನ್ನೂ ಹಳೆಯದರಲ್ಲಿ ಕಾರ್ಕ್. ಒಳಗೆ ತಂಪು, ಹೊರಗೆ ನಮ್ಮ ತೇವದ ಗಾಳಿ. ಆ ತೇವ ಸಂದಿಗಳಿಂದ ಒಳಹೋಗಿ ಉಣ್ಣೆಯಲ್ಲಿ ನೀರಾಗಿ ಕೂರುತ್ತದೆ. ಅದನ್ನು ತಡೆಯಲು ಫ್ಯಾಕ್ಟರಿಯಲ್ಲಿ ಸಂದಿಗಳಿಗೆ ಡಾಮರು ಬಳಿದಿರುತ್ತಿದ್ದರು. ಡಾಮರು ಬಿರಿದರೆ ತಳ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಹೊರಗೆ ಬಿಳಿ ಬಣ್ಣ ಚೆನ್ನಾಗಿಯೇ ಕಾಣುತ್ತದೆ, ತಳಕ್ಕೆ ಬೆರಳು ಒತ್ತಿದರೆ ಒಳಹೋಗುತ್ತದೆ! ಮಂಗಳೂರಿನ ಬಂದರ್ ಕಡೆಯ ಗುಜರಿ ಅಂಗಡಿಗಳಲ್ಲಿ, ಬಲ್ಮಠ, ಕದ್ರಿಯ ಹಳೇ ಬಂಗಲೆಗಳಲ್ಲಿ ಇಂಥದ್ದನ್ನು ನೋಡಿದರೆ ಮೊದಲು ತಳ ನೋಡಬೇಕು. ಮುಂದೆ ಇನ್ನಷ್ಟು ಸಂಗ್ರಹಿಸುವ ಆಸೆ ನಿಮಗೆ ಬಂದರೆ ಇದೇ ನನ್ನ ಮೊದಲ ಸಲಹೆ. ತಳ ಗಟ್ಟಿ ಇರಬೇಕು, ಹಿಡಿ, ಲಾಂಛನ, ಫ್ರೀಜರ್ ಬಾಗಿಲು ಇರಬೇಕು. ಕಂಪ್ರೆಸರಿನ ವ್ಯವಸ್ಥೆ ಯಾರೂ ಕತ್ತರಿಸದೆ ಉಳಿದಿದ್ದರಂತೂ ಇನ್ನೂ ಒಳ್ಳೆಯದು.

ಓಡುವಾಗ ಹೊರಮೈ ಒಂದೇ ಕಡೆ ಬೆವರುತ್ತಿದ್ದರೆ ಅಲ್ಲಿ ಉಣ್ಣೆ ಒದ್ದೆಯಾಗಿದೆ. ಅದನ್ನು ತೆಗೆಯಲು ಬಾಗಿಲ ಸುತ್ತ ಒಳಗೋಡೆ ಮತ್ತು ಹೊರಗೋಡೆ ಸೇರುವಲ್ಲಿರುವ ಪ್ಲಾಸ್ಟಿಕ್ ಪಟ್ಟಿ ಬಿಚ್ಚಬೇಕು. ಇದು ತಾಳ್ಮೆಯ ಕೆಲಸ. ಪಟ್ಟಿ ವಯಸ್ಸಾಗಿ ಗಡುಸಾಗಿರುತ್ತದೆ, ಸುಮ್ನೆ ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದರೆ ಟಪ್ ಅಂತ ಮುರಿಯುತ್ತದೆ. ಬಿಸಿ ನೀರಲ್ಲಿ ಅದ್ದಿ ಹಿಂಡಿದ ಟವೆಲನ್ನು ಅದರ ಮೇಲೆ ಐದು ನಿಮಿಷ ಇಡಿ. ಮೆತ್ತಗಾದ ಮೇಲೆ ಮೂಲೆಯಿಂದ ಶುರು ಮಾಡಿ, ತೆಳ್ಳಗಿನ ಮರದ ಚಮಚದ ಹಿಂಬದಿ ತೂರಿಸಿ ಒಳಮುಖವಾಗಿ ಬಗ್ಗಿಸುತ್ತಾ ಬನ್ನಿ. ಕೊಂಡಿ ಬಿಟ್ಟುಕೊಂಡ ಸಣ್ಣ ಸದ್ದು ಕೇಳಿದ ಮೇಲೆ ಇನ್ನು ನಾಲ್ಕು ಬೆರಳು ಮುಂದೆ. ಆರಿದರೆ ಮತ್ತೆ ಟವೆಲ್. ನಾಲ್ಕೂ ಪಟ್ಟಿಯ ಹಿಂದೆ ಮೇಲೆ, ಕೆಳಗೆ, ಎಡ, ಬಲ ಅಂತ ಬರೆದಿಡಿ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೇ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ನಮ್ಮೂರಿಗೆ ಈ ತಾಳ್ಮೆ ಹೊಸದಲ್ಲ.

ಉಣ್ಣೆ ತೆಗೆಯುವಾಗ ಮಾಸ್ಕ್, ಕೈಗವಸು, ತುಂಬು ತೋಳಿನ ಅಂಗಿ ಬೇಕೇ ಬೇಕು. ಹಳೆಯದನ್ನು ಎಸೆದು ರಾಕ್ ವುಲ್ ಹಲಗೆ ಕತ್ತರಿಸಿ ತುಂಬಿ. ಪೆಟ್ಟಿಗೆಯನ್ನು ಮೊದಲು ಒಂದಿಷ್ಟು ದಿನ ಬಿಸಿಲಿಗೆ ಒಣಗಿಸಬೇಕು. ಆಟಿಯ ಮಳೆಯಲ್ಲಿ ಇದು ಆಗದ ಮಾತು, ಅದಕ್ಕೇ ಡಿಸೆಂಬರ್. ಕೆಲವರು ಸ್ಪ್ರೇ ಫೋಮ್ ತುಂಬಿಸಿಬಿಡಿ ಅನ್ನುತ್ತಾರೆ. ಬೇಡ. ಅದು ಉಬ್ಬಿ ತಗಡನ್ನು ಹೊರಗೆ ತಳ್ಳುತ್ತದೆ, ಮತ್ತೆ ಯಾವತ್ತೂ ಬಿಚ್ಚಲಿಕ್ಕಾಗದ ಹಾಗೆ ಅಂಟಿಕೊಳ್ಳುತ್ತದೆ.

ಬಾಗಿಲ ರಬ್ಬರ್ ಸುಲಭ. ಹತ್ತು ರೂಪಾಯಿ ನೋಟನ್ನು ಬಾಗಿಲ ಸಂದಿಯಲ್ಲಿಟ್ಟು ಮುಚ್ಚಿ ಎಳೆಯಿರಿ. ಸುತ್ತಲೂ ಎಲ್ಲಿಯೂ ಸಲೀಸಾಗಿ ಬರಬಾರದು. ಮ್ಯಾಗ್ನೆಟ್ ಇಲ್ಲದ, ಒಳಗೆ ಟೊಳ್ಳಿರುವ ರಬ್ಬರ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಹಳೇ ತುಂಡು ಕತ್ತರಿಸಿ ಅಂಗಡಿಗೆ ಒಯ್ದು ದಪ್ಪ ಹೋಲಿಸಿ ತನ್ನಿ. ಮೂಲ ಕೊಂಡಿಯ ಬಿಗಿತ ಮ್ಯಾಗ್ನೆಟ್ ಕ್ಯಾಚಿಗೆ ಇರುವುದಿಲ್ಲ, ಹಾಗಾಗಿ ಆದಷ್ಟು ಮೆತ್ತಗಿನದೇ ಆರಿಸಿ.

ಪೈಂಟ್ ವಿಷಯದಲ್ಲಿ ಅವಸರ ಬೇಡ. ಒಳಗಿನ ಬಿಳಿ ಮೈ ಹೆಚ್ಚಾಗಿ ಪೈಂಟೇ ಅಲ್ಲ. ಕಬ್ಬಿಣದ ಮೇಲೆ ಕರಗಿಸಿ ಕೂರಿಸಿದ ಗಾಜು, ಪಿಂಗಾಣಿ. ಅದನ್ನು ಸೋಡಾ ಪುಡಿ, ಮೆತ್ತಗಿನ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹೊರಮೈಯ ಹಳದಿ ಕಾರಿನ ರಬ್ಬಿಂಗ್ ಕಾಂಪೌಂಡಿಗೇ ಎಷ್ಟೋ ಹೋಗುತ್ತದೆ. ಮೊದಲು ಒಂದು ಮೂಲೆಯಲ್ಲಿ ಉಜ್ಜಿ ನೋಡಿ. ಮೂಲ ಬಣ್ಣ ಹೊಳೆದರೆ ಅದನ್ನೇ ಉಳಿಸಿ, ಒಂದೆರಡು ಗೀರು ಇದ್ದರೂ ಇರಲಿ. ಬಣ್ಣ ಹೊಡೆಯಲೇಬೇಕಾದರೆ ಕಾರಿನ ಟಿಂಕರಿಂಗ್‌ನವರಲ್ಲಿ ಮಾಡಿಸಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಒಣ ಉಜ್ಜುವುದು ಬೇಡ, ನೀರು ಹಾಕಿ ಉಜ್ಜಲಿ. ಬರೀ ತಗಡು ಕಂಡ ದಿನವೇ ಎಪಾಕ್ಸಿ ಪ್ರೈಮರ್ ಬೀಳಬೇಕು. ಮಲ್ಪೆ, ಪಣಂಬೂರಿನ ಉಪ್ಪುಗಾಳಿಗೆ ಒಂದು ರಾತ್ರಿ ಬಿಟ್ಟರೆ ಬೆಳಗ್ಗೆ ಕೆಂಪಗೆ ಕಾಣುತ್ತದೆ. ಹಿಡಿಯ ಕ್ರೋಮ್ ಮಾತ್ರ ಕಷ್ಟ. ಹಿಡಿ ಹೆಚ್ಚಾಗಿ ಸತುವಿನ ಎರಕ. ಮಾಮೂಲಿ ಪ್ಲೇಟಿಂಗಿನ ಆಸಿಡ್ ಅದನ್ನೇ ತಿನ್ನುತ್ತದೆ. ಸತುವಿನ ಮೇಲೆ ಮೊದಲು ತಾಮ್ರ ಕೂರಿಸಲು ಗೊತ್ತಿರುವವರು ಸಿಗದಿದ್ದರೆ ಹಿಡಿಯನ್ನು ಮುಟ್ಟದೆ ಪಾಲಿಶ್ ಮಾಡಿಡಿ.

ದಿನಾ ಬಳಸಬಹುದೇ? ನೀರು, ಹಣ್ಣು, ಮಜ್ಜಿಗೆ, ಹೂವು, ದೋಸೆ ಹಿಟ್ಟು, ಇಷ್ಟಕ್ಕೆ ಚೆನ್ನಾಗಿದೆ. ಬಂಗುಡೆ ತಂದು ಹದಿನೈದು ದಿನ ಇಡುವ ಪೆಟ್ಟಿಗೆ ಅದಲ್ಲ. ಮೀನು ಹಾಗೆ ಉಳಿಯಲು ಮೈನಸ್ 18 ಡಿಗ್ರಿ ಬೇಕು, ಹಳೇ ಫ್ರಿಡ್ಜಿನ ಮಂಜಿನ ಗೂಡು ಅಷ್ಟು ಕೆಳಗೆ ಇಳಿಯುವುದಿಲ್ಲ. ಮಂಜು ಗಟ್ಟಿಯಾದರೆ ಆಫ್ ಮಾಡಿ, ಬಿಸಿ ನೀರಿನ ಪಾತ್ರೆ ಒಳಗಿಟ್ಟು ಕರಗಿಸಿ. ಚಾಕು ಹಾಕಿ ಕೆತ್ತಿದ್ದರಿಂದಲೇ ಎಷ್ಟೋ ಒಳ್ಳೇ ಫ್ರಿಡ್ಜುಗಳು ತೂತಾಗಿ ಗುಜರಿಗೆ ಹೋಗಿವೆ.

ಅಮೆರಿಕದಿಂದ ತರಿಸುವುದನ್ನು ನಾನು ಹೇಳುವುದಿಲ್ಲ. ಅಲ್ಲಿಯದು 115 ವೋಲ್ಟ್, 60 ಸೈಕಲ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಸೈಕಲ್ಸ್ ಬದಲಿಸುವುದಿಲ್ಲ. ನಮ್ಮ 50 ಸೈಕಲ್ಸಿನಲ್ಲಿ ಮೋಟಾರು ಆರನೇ ಒಂದು ಭಾಗ ನಿಧಾನವಾಗುತ್ತದೆ. 115 ವೋಲ್ಟನ್ನೇ ಕೊಟ್ಟರೆ ಬಿಸಿಯಾಗಿ ಸುಡುತ್ತದೆ, 95ರಿಂದ 100 ವೋಲ್ಟಿಗೆ ಇಳಿಸಿಯೇ ಕೊಡಬೇಕು. ಕಸ್ಟಮ್ಸ್‌ನಲ್ಲಿ ಆಂಟಿಕ್ ಅನಿಸಿಕೊಳ್ಳಲು 100 ವರ್ಷ ದಾಟಿರಬೇಕು. ಅಷ್ಟಾಗದ ಫ್ರಿಡ್ಜ್ ಅವರ ಲೆಕ್ಕದಲ್ಲಿ ಬರೀ ಹಳೇ ಸಾಮಾನು. ಒಳಗೆ ಆರ್-12 ಇದ್ದರೆ ಓಝೋನ್ ನಿಯಮದ ತೊಡಕು ಬೇರೆ. ಹಣ ಕೊಡುವ ಮೊದಲು ಪಣಂಬೂರಿನ ಬಂದರಿನಲ್ಲಿ ಕೆಲಸ ಮಾಡುವ ಕಸ್ಟಮ್ಸ್ ಏಜೆಂಟರ ಹತ್ತಿರ ಕೇಳಿ. ಆ ಹಣದಲ್ಲಿ ಇಲ್ಲೇ ಎರಡು ಹಳೇ ಫ್ರಿಡ್ಜ್ ಉಳಿಸಬಹುದು.

ಕಳಸದ ಫ್ರಿಡ್ಜನ್ನು ಮಾತ್ರ ಖಂಡಿತ ತನ್ನಿ. ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಪ್ಲಾಟನ್ ಮತ್ತು ಮುಂಟರ್ಸ್, 1922ರಲ್ಲಿ ಕಂಡುಹಿಡಿದ ವಿಧಾನ ಅದು. ಎಲೆಕ್ಟ್ರೋಲಕ್ಸ್ ಅದನ್ನು ಲೋಕಕ್ಕೆಲ್ಲ ಹರಡಿತು. ಮೋಟಾರಿಲ್ಲ, ಕರೆಂಟಿಲ್ಲ. ಕೆಳಗೆ ಸೀಮೆಎಣ್ಣೆ ದೀಪ ಉರಿದರೆ ಮೇಲೆ ಮಂಜು ಕಟ್ಟುತ್ತದೆ! ಒಳಗೆ ಅಮೋನಿಯಾ, ನೀರು, ಹೈಡ್ರೋಜನ್ ಒತ್ತಡದಲ್ಲಿ ಇರುತ್ತವೆ. ಆದ್ದರಿಂದ ಅದರ ಪೈಪಿಗೆ ಬೆಸುಗೆ, ಗರಗಸ ಯಾವುದೂ ತಾಗಬಾರದು. ಮಲ್ಪೆಯ ಐಸ್ ಪ್ಲಾಂಟುಗಳ ಪಕ್ಕ ಓಡಾಡಿದವರಿಗೆ ಅಮೋನಿಯಾ ವಾಸನೆ ಗೊತ್ತೇ ಇದೆ. ಹಿಂಬದಿಯಲ್ಲಿ ಆ ವಾಸನೆ ಬಂದರೆ, ಅಥವಾ ಪೈಪಿನ ಮೇಲೆ ಹಳದಿ ಕಲೆ ಕಂಡರೆ ಅದು ಸೋರಿ ಸತ್ತಿದೆ. ಆ ಹಳದಿ, ತುಕ್ಕು ತಡೆಯಲು ಒಳಗೆ ಬೆರೆಸಿದ ಕ್ರೋಮೇಟ್ ಎಂಬ ವಿಷ. ಬರಿಗೈಯಲ್ಲಿ ಮುಟ್ಟಬೇಡಿ.

ಸೋರದಿದ್ದರೂ ಮನೆಯೊಳಗೆ ಉರಿಸುವುದು ಬೇಡ, ಕಾರ್ಬನ್ ಮೊನಾಕ್ಸೈಡ್ ಭಯ ಇದೆ. ಒಮ್ಮೆ ಓಡಿಸಿ ನೋಡಬೇಕೆಂದರೆ ತೆರೆದ ಜಗಲಿಯಲ್ಲಿ, ಸ್ಪಿರಿಟ್ ಲೆವೆಲ್ ಇಟ್ಟು ನೆಟ್ಟಗೆ ನಿಲ್ಲಿಸಿ ಹಚ್ಚಿ. ಸ್ವಲ್ಪ ವಾಲಿದರೂ ಒಳಗಿನ ದ್ರವ ಹರಿಯದೆ ತಂಪಾಗುವುದಿಲ್ಲ. ಘಾಟಿ ಇಳಿಸುವುದು ಮಳೆ ಬಿಟ್ಟ ಮೇಲೆಯೇ. ಹೋದಾಗ ಮೊದಲು ಅದರ ಬರ್ನರ್, ಚಿಮಣಿ, ಹೊಗೆ ಕೊಳವೆಯೊಳಗೆ ನೇತಾಡುವ ತಗಡಿನ ತುಂಡು, ಈ ಮೂರನ್ನೂ ಹುಡುಕಿಸಿ. ತೋಟದ ಮನೆಯ ಉಗ್ರಾಣದಲ್ಲಿ ಎಲ್ಲಾದರೂ ಇರುತ್ತವೆ. ಅವನ್ನು ಲಾರಿಗೆ ಹಾಕಬೇಡಿ, ಬಟ್ಟೆಯಲ್ಲಿ ಸುತ್ತಿ ನಿಮ್ಮ ಚೀಲದಲ್ಲೇ ತನ್ನಿ.